ಹನ್ನೊಂದನೇ ಬೆಡ್ಡಿನ ನಾಡಿ

ಶನಿವಾರ ಶನಿವಾರ ಮದ್ದೂರಿನ ಹೊಳೆ ದಂಡೆಗೆ ಬಂದು ಆಂಜನೇಯನ ಸಾಲಿನಲ್ಲಿ ನಿಲ್ಲುವ ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ. ಸ್ವಾಮಿ ಕೆಲಸ ಕೊಡಿಸಿದ, ಕಾಯಿಲೆ ವಾಸಿ ಮಾಡಿದ ಎಂದು ಬರೆಯುವವರು ತಲೆ ಎತ್ತಿಕೊಂಡು ಬರೆಯುತ್ತಾರೆ. ನನ್ನದು ಹಾಗಲ್ಲ. ಅವನ ದರ್ಶನದ ಅವಸರದಲ್ಲಿ ಒಂದು ಜೀವವನ್ನು ಸಾವಿನ ಬಾಯಿಗೆ ಬಿಟ್ಟು ಹೋದವಳು ನಾನು. ಆ ಜೀವ ಉಳಿಯಿತು, ಅವನಿಂದಲೇ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೆಸರು ರೂಪ. ಮಳವಳ್ಳಿ ಕಡೆಯ ಹಳ್ಳಿಯವಳು. ಆಗ ಮಂಡ್ಯದಲ್ಲಿ ಹಾಸ್ಟೆಲ್ಲಿನಲ್ಲಿದ್ದುಕೊಂಡು ನರ್ಸಿಂಗ್ ಮೂರನೇ ವರ್ಷ ಓದುತ್ತಿದ್ದೆ. ಬೆಳಗ್ಗೆಯಿಂದ ಎರಡು ಗಂಟೆವರೆಗೆ ಆಸ್ಪತ್ರೆಯ ವಾರ್ಡಿನಲ್ಲಿ ಡ್ಯೂಟಿ, ಆಮೇಲೆ ಕ್ಲಾಸು. ಹಿಂದಿನ ಸಲ ಒಂದು ಪ್ರಾಕ್ಟಿಕಲ್‌ನಲ್ಲಿ ಫೇಲಾಗಿ, ಮತ್ತೆ ಕಟ್ಟಿ ಹೇಗೋ ದಾಟಿಕೊಂಡಿದ್ದೆ. ಅಷ್ಟಕ್ಕೇ ನಮ್ಮವ್ವ ಹೆದರಿಬಿಟ್ಟಿದ್ದಳು. ನನ್ನನ್ನು ಒಂದು ಮಾತೂ ಕೇಳದೆ ಹನುಮಪ್ಪನಿಗೆ ಹರಕೆ ಕಟ್ಟಿದಳು: ಪರೀಕ್ಷೆಗೆ ಮುಂಚೆ ಮೂರು ಶನಿವಾರ ಬಿಡದ ಹಾಗೆ ಮಗಳು ಬಂದು ವೀಳ್ಯದೆಲೆ ಹಾರ ಹಾಕುತ್ತಾಳೆ ಎಂದು. ಹರಕೆ ಹೊತ್ತಿದ್ದು ಅವಳು, ಬಸ್ಸು ಹತ್ತಬೇಕಾದವಳು ನಾನು!

"ಒಂದ್ ಸನಿವಾರ ತಪ್ಪುದ್ರೂ ಮತ್ತೆ ಮೊದ್ಲಿಂದ್ಲೇ ಕಣೇ. ಆಮೇಲೆ ಫೇಲಾದೆ ಅಂತ ನನ್ ಮುಂದೆ ಅಳ್ತಾ ಬರ್ಬೇಡ" ಎಂದು ಫೋನಿನಲ್ಲಿ ಎಚ್ಚರಿಕೆ ಬೇರೆ.

ಎರಡು ಶನಿವಾರ ರಜೆ ಸಿಕ್ಕಿತು, ಹೋಗಿ ಬಂದೆ. ಮೂರನೆಯದಕ್ಕೆ ಡ್ಯೂಟಿ ಬಿತ್ತು. ಡ್ಯೂಟಿ ಮುಗಿಸಿ ಹೊರಟರೆ ಮದ್ದೂರು ಮುಟ್ಟುವಷ್ಟರಲ್ಲಿ ಮಧ್ಯಾಹ್ನದ ಬಾಗಿಲು ಹಾಕಿರುತ್ತಾರೆ. ಸಂಜೆ ಮತ್ತೆ ತೆಗೆಯುವ ಹೊತ್ತಿಗೆ ನಾನು ಹಾಸ್ಟೆಲ್ಲಿನ ಗೇಟಿನೊಳಗಿರಬೇಕು. ಮುಂದಿನ ವಾರ ಪರೀಕ್ಷೆ. ನನ್ನ ಜೊತೆ ಡ್ಯೂಟಿಯಲ್ಲಿದ್ದ ಶಿಲ್ಪ ಸಲೀಸಾಗಿ ದಾರಿ ತೋರಿಸಿದಳು. "ಹನ್ನೆರಡು ಗಂಟೆದು ಈಗ್ಲೇ ಬರ್ದು ಓಗು. ಎರಡು ಗಂಟೆದು ನಾನು ತುಂಬುಸ್ತೀನಿ."

ಇದೇನೆಂದು ಹೇಳಿಬಿಡಬೇಕು. ಆಪರೇಷನ್ ಆದವರಿಗೆ ಎರಡು ಗಂಟೆಗೊಮ್ಮೆ ನಾಡಿ, ಉಸಿರು, ಬಿ.ಪಿ. ನೋಡಿ ಬೆಡ್ಡಿನ ಕಾಲ ಬಳಿ ನೇತುಹಾಕಿರುವ ಚಾರ್ಟಿನಲ್ಲಿ ಬರೆಯುವುದು ವಿದ್ಯಾರ್ಥಿಗಳ ಕೆಲಸ. ಮೂರು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಬೇಕು. ನಮ್ಮಲ್ಲೊಂದು ಕೆಟ್ಟ ಚಾಳಿ ಬೆಳೆದಿತ್ತು. ನೋಡಲು ಆರಾಮಾಗಿದ್ದವರಿಗೆ ಎಣಿಸುತ್ತಲೇ ಇರಲಿಲ್ಲ. ನಾಡಿ ಎಂಬತ್ತು, ಉಸಿರು ಇಪ್ಪತ್ತು, ಬಿ.ಪಿ. ನೂರಿಪ್ಪತ್ತು ಎಂಬತ್ತು. ಇಡೀ ಮಂಡ್ಯ ಜಿಲ್ಲೆಗೇ ಒಂದೇ ನಾಡಿ! ಅನುಮಾನ ಬಾರದಿರಲೆಂದು ಒಬ್ಬರಿಗೆ ಎಪ್ಪತ್ತೆಂಟು, ಇನ್ನೊಬ್ಬರಿಗೆ ಎಂಬತ್ತೆರಡು ಎಂದು ಬರೆಯುವ ಬುದ್ಧಿಯೂ ನಮಗಿತ್ತು. ಹಾಳು ಬುದ್ಧಿ.

ಅಂದು ನನ್ನ ಪಾಲಿಗೆ ಆರು ಜನರಿದ್ದರು. ಹನ್ನೊಂದೂವರೆಗೆ ಒಂದೊಂದೇ ಬೆಡ್ಡಿನ ಕಾಲ ಬಳಿ ನಿಂತು ಆರೂ ಜನರ ಚಾರ್ಟು ತುಂಬಿಸಿದೆ. ಹನ್ನೊಂದನೇ ಬೆಡ್ಡಿನಲ್ಲಿ ದುದ್ದದ ಕಡೆಯ ಹೊನ್ನಮ್ಮ ಎಂಬ ಹೆಂಗಸು. ಹಿಂದಿನ ದಿನ ಗರ್ಭಕೋಶ ತೆಗೆದಿದ್ದರು. ಹತ್ತು ಗಂಟೆಗೆ ನಿಜವಾಗಿಯೂ ನೋಡಿದಾಗ ಆಕೆಯ ನಾಡಿ ಸ್ವಲ್ಪ ಜೋರಾಗಿತ್ತು. ನೋವಿಗಿರಬೇಕು ಎಂದುಕೊಂಡೆ. ಈಗ ಎಂಬತ್ತೆರಡು ಎಂದು ಬರೆದೆ.

ಆಕೆ ಕಣ್ಣು ಬಿಟ್ಟುಕೊಂಡೇ ಮಲಗಿದ್ದರು. ನನ್ನ ಕೈಚೀಲದಲ್ಲಿದ್ದ ಎಲೆ ಹಾರ ಕಂಡು, "ಅನುಮಪ್ಪಂಗಾ? ಓಗ್ಬಾ ಕಣವ್ವ, ಒಳ್ಳೇದಾಗ್ಲಿ" ಎಂದು ನನ್ನ ಕೈ ಹಿಡಿದುಕೊಂಡರು. ಆ ಕೈ ತಣ್ಣಗಿತ್ತು, ಒದ್ದೆಯಾಗಿತ್ತು. ನಾನು ಕೈ ಬಿಡಿಸಿಕೊಂಡು ಏಪ್ರನ್ನಿಗೆ ಒರೆಸಿಕೊಂಡೆ. ಒರೆಸಿಕೊಂಡೆ ಕಣ್ರೀ! ಆಮೇಲೆ ವಾರ್ಡಿನ ಜಯಮ್ಮ ಸಿಸ್ಟರ್ ಹತ್ತಿರ ಹೋಗಿ, ತಲೆನೋವು, ಹಾಸ್ಟೆಲ್ಲಿಗೆ ಹೋಗುತ್ತೇನೆ ಎಂದು ಇನ್ನೊಂದು ಸುಳ್ಳು ಹೇಳಿ ಬಸ್ ಸ್ಟ್ಯಾಂಡಿಗೆ ಓಡಿದೆ.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಅದೂ ಹನುಮಪ್ಪನ ಕೃಪೆ ಎಂದುಕೊಂಡು ಕೈ ಬೇರೆ ಮುಗಿದೆ. ಗುಡಿಯಲ್ಲಿ ಸಾಲು ಉದ್ದ ಇತ್ತು, ಆದರೆ ಬೇಗ ಬೇಗ ಮುಂದಕ್ಕೆ ಹೋಗುತ್ತಿತ್ತು. ಇನ್ನು ಹತ್ತು ಹನ್ನೆರಡು ಜನ ಇದ್ದಾರೆ ಎನ್ನುವಾಗ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಮೆಟ್ಟಿಲು ಹತ್ತಲಾರದೆ ನನ್ನ ಕಡೆ ಕೈ ಚಾಚಿದರು. ನಾನು ಅವರ ಮಣಿಕಟ್ಟು ಹಿಡಿದೆ. ಮೆಟ್ಟಿಲು ಹತ್ತಿಸಿದ ಮೇಲೂ ಬಿಡಲಿಲ್ಲ. ನನಗರಿವಿಲ್ಲದೆಯೇ ನನ್ನ ಮೂರು ಬೆರಳು ನಾಡಿಯ ಮೇಲೆ ಕೂತಿದ್ದವು, ನಾನು ಒಳಗೊಳಗೇ ಎಣಿಸುತ್ತಿದ್ದೆ.

ಅಜ್ಜಿ ನಕ್ಕರು. "ಏನವ್ವ, ನಾಡಿ ಇಡ್ಕಂಡ್ ನಿಂತ್ಬುಟ್ಟೆ? ಏಳ್ಬುಡು ಮತ್ತೆ, ಇನ್ನೆಷ್ಟ್ ದಿನ ಇರ್ತೀನಿ?"

ಅಜ್ಜಿಯ ಕೈ ಬೆಚ್ಚಗಿತ್ತು, ಒಣಗಿತ್ತು. ಹೊನ್ನಮ್ಮನ ಕೈ ಹಾಗಿರಲಿಲ್ಲ. ಆಪರೇಷನ್ ಆದವರ ಮೈ ತಣ್ಣಗಾಗಿ ಬೆವರಿದರೆ, ನಾಡಿ ಜೋರಾದರೆ, ಒಳಗೆ ರಕ್ತ ಹೋಗುತ್ತಿರಬಹುದು. ಇದು ನನಗೆ ಗೊತ್ತಿರಲಿಲ್ಲವೇ? ಹಿಂದಿನ ತಿಂಗಳ ಟೆಸ್ಟಿನಲ್ಲಿ ಇದೇ ಪ್ರಶ್ನೆಗೆ ಹತ್ತಕ್ಕೆ ಒಂಬತ್ತು ತೆಗೆದುಕೊಂಡಿದ್ದೆ. ಕಾಗದದ ಮೇಲೆ ಗೊತ್ತಿದ್ದದ್ದು ಕೈಗೆ ಸಿಕ್ಕಾಗ ಒರೆಸಿ ಬಂದಿದ್ದೆ.

ಶಿಲ್ಪಳಿಗೆ ಫೋನು ಮಾಡಿ ಹೊನ್ನಮ್ಮ ಹೇಗಿದ್ದಾರೆ ಎಂದು ಕೇಳಿದೆ. "ಊಟಕ್ಕೆ ಬಂದಿದ್ದೀನಿ ಕಣೇ. ಯಾಕೆ ಗಾಬ್ರಿ? ಡಾಕ್ಟ್ರು ರೌಂಡ್ಸಿಗೆ ಬಂದು ನಿನ್ ಚಾರ್ಟ್ ನೋಡಿ, ಚೆನ್ನಾಗವ್ರೆ, ಗಂಜಿ ತಿಳಿ ಕೊಡಿ ಅಂದು ಓಂಟೋದ್ರು" ಎಂದಳು.

ನಾನು ಬರೆದ ಸುಳ್ಳನ್ನು ನಂಬಿ ಡಾಕ್ಟರು ಮುಂದಿನ ಬೆಡ್ಡಿಗೆ ಹೋಗಿದ್ದರು. ಜಯಮ್ಮ ಸಿಸ್ಟರ್‌ಗೆ ಹೇಳಬೇಕು. ಹೇಳಿದರೆ ವಾರ್ಡಿನ ಕೆಲಸಕ್ಕೆ ಸಹಿ ಹಾಕಿಸಿಕೊಳ್ಳುವ ನನ್ನ ಕೇಸ್ ಪುಸ್ತಕ ರದ್ದು, ಅದಿಲ್ಲದೆ ಪರೀಕ್ಷೆ ಇಲ್ಲ, ಕಾಲೇಜಿನಿಂದಲೇ ಕಳಿಸಿದರೂ ಕಳಿಸಬಹುದು. ಅಲ್ಲೇ ಸಾಲಿನಲ್ಲಿ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದೆ. ನಿಮ್ಮ ಹತ್ತಿರ ಮುಚ್ಚಿಡುವುದಿಲ್ಲ, ನನ್ನ ಮೊದಲ ಪ್ರಾರ್ಥನೆ ಹೀಗಿತ್ತು: "ಹನುಮಪ್ಪಾ, ಆಯಮ್ಮನಿಗೆ ಏನೂ ಆಗದಿರಲಿ. ಇದು ಯಾರಿಗೂ ಗೊತ್ತಾಗದಿರಲಿ." ಎರಡನೆಯ ಮಾತು ಹೇಳಿ ಮುಗಿಸುವಷ್ಟರಲ್ಲಿ ನನಗೇ ಅಸಹ್ಯವಾಯಿತು. ಯಾರಿಗೂ ಗೊತ್ತಾಗದಿದ್ದರೆ ಆಯಮ್ಮನನ್ನು ನೋಡುವವರು ಯಾರು? "ಪಾಸೂ ಬೇಡ ಏನೂ ಬೇಡ, ನಿಜ ಹೇಳೋಕೆ ಬಾಯಿ ಕೊಡಪ್ಪಾ" ಎಂದೆ. ಹಿಂದಿನವರು ತಳ್ಳುತ್ತಿದ್ದರು. ಹಾರವನ್ನು ಆ ಅಜ್ಜಿಯ ಕೈಗೆ ಕೊಟ್ಟು, ದರ್ಶನ ಮಾಡದೆಯೇ ಸಾಲಿನಿಂದ ಆಚೆ ಬಂದು ಜಯಮ್ಮ ಸಿಸ್ಟರ್‌ಗೆ ಫೋನು ಮಾಡಿದೆ.

"ಸಿಸ್ಟರ್, ನಾನು ರೂಪ. ಹನ್ನೆರಡು ಗಂಟೆದು ನಾನು ನೋಡ್ಲೇ ಇಲ್ಲ. ಸುಳ್ಳು ಬರ್ದೆ. ಆರು ಜನದ್ದೂ ಸುಳ್ಳು."

ಆ ಕಡೆ ಕುರ್ಚಿ ಸರಿದ ಸದ್ದು ಕೇಳಿಸಿತು.

"ಹನ್ನೊಂದನೇ ಬೆಡ್ಡಿನವರ ಕೈ ತಣ್ಣಗಿತ್ತು ಸಿಸ್ಟರ್. ಬೆವರಿತ್ತು."

ಫೋನು ಕಟ್ಟಾಯಿತು. ಮತ್ತೆ ಮಾಡಿದೆ, ಎತ್ತಲಿಲ್ಲ. ಮಂಡ್ಯದ ಬಸ್ಸು ಹತ್ತಿದೆ. ಈ ಸಲ ನಿಂತುಕೊಂಡೇ ಬಂದೆ. ಕಂಡಕ್ಟರ್ ಎಲ್ಲಿಗೆ ಎಂದು ಎರಡು ಸಲ ಕೇಳಿದರೂ ನನಗೆ ಕೇಳಿಸಲಿಲ್ಲ. ಪಕ್ಕದಲ್ಲಿದ್ದ ಹೆಂಗಸು, "ಯಾರಾದ್ರೂ ಓಗ್ಬುಟ್ರೇನವ್ವ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಸಿಸ್ಟರ್‌ಗೆ ಹೇಳಿದ್ದು ಬಿಟ್ಟರೆ, ಅಷ್ಟು ಸತ್ಯವಾದ ಮಾತನ್ನು ಅಂದು ಬೆಳಗ್ಗೆಯಿಂದ ನಾನು ಆಡಿರಲಿಲ್ಲ.

ವಾರ್ಡಿಗೆ ಓಡಿ ಬಂದರೆ ಹನ್ನೊಂದನೇ ಬೆಡ್ಡು ಖಾಲಿ. ಹೊನ್ನಮ್ಮನ ಸೊಸೆ ಗೌರಿ ನೆಲದ ಮೇಲೆ ಕೂತಿದ್ದಳು. ಮುಗಿಯಿತು ಎಂದುಕೊಂಡೆ. ಅವಳು ಎದ್ದು ಬಂದವಳೇ ನನ್ನ ಎರಡೂ ಕೈ ಹಿಡಿದುಕೊಂಡಳು.

"ಅಕ್ಕಾ, ಒಟ್ಟೆ ಒಳ್ಗೆ ರಕ್ತ ಓಯ್ತಿತ್ತಂತೆ. ಮತ್ತೆ ಆಪ್ರೇಸನ್‌ಗೆ ಕರ್ಕಂಡೋದ್ರು. ನೀವು ಫೋನ್ ಮಾಡುದ್ರಂತಲ್ಲ, ಇನ್ನೊಂದ್ ಗಂಟೆ ಆಗಿದ್ರೆ ಸಿಕ್ತಿರ್ಲಿಲ್ಲ ಅಂದ್ರು ಡಾಕ್ಟ್ರು. ನೀವೇ ನಮ್ ಪಾಲಿನ ದ್ಯಾವ್ರು ಕಣಕ್ಕ" ಎಂದು ಕಾಲಿಗೆ ಬಿದ್ದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದೆ. ಅವಳನ್ನು ಎತ್ತಿ ನಿಲ್ಲಿಸಿದೆನೇ ಹೊರತು ನಿಜ ಹೇಳಲು ನಾಲಿಗೆ ಬರಲಿಲ್ಲ. ಜಯಮ್ಮ ಸಿಸ್ಟರ್ ದೂರದಿಂದಲೇ ನೋಡುತ್ತಿದ್ದರು. ಆಮೇಲೆ ಕರೆದು, "ನಿನ್ ಮುಖ ನೋಡೋಕೂ ಇಷ್ಟ ಇಲ್ಲ ನಂಗೆ. ಫೋನ್ ಮಾಡ್ದೆ ನೋಡು, ಅದೊಂದಕ್ಕೇ ನಿನ್ನನ್ನ ಇಲ್ಲಿ ನಿಲ್ಲಿಸ್ಕೊಂಡಿದ್ದೀನಿ. ಹೋಗು, ಬೇರೆ ಐದು ಜನದ್ದೂ ನೋಡು. ನಾನು ಪಕ್ಕದಲ್ಲಿ ನಿಂತಿರ್ತೀನಿ" ಎಂದರು. ಐದೂ ಜನರ ನಾಡಿ ಎಣಿಸಿದೆ. ಒಬ್ಬರದೂ ನಾನು ಬರೆದಷ್ಟಿರಲಿಲ್ಲ.

ಸಂಜೆಯ ಹೊತ್ತಿಗೆ ಹೊನ್ನಮ್ಮ ಬದುಕಿದರು ಎಂದು ತಿಳಿಯಿತು. ನನ್ನ ಕೇಸ್ ಪುಸ್ತಕ ರದ್ದಾಯಿತು. ಪರೀಕ್ಷೆಗೆ ಕೂರಿಸಲಿಲ್ಲ. ಆ ವಾರ್ಡಿನ ತರಬೇತಿಯನ್ನು ಜೂನಿಯರ್‌ಗಳ ಜೊತೆ ನಿಂತು ಮೊದಲಿನಿಂದ ಮಾಡಿದೆ. ಊರಿಗೆ ಹೋದಾಗ ಅವ್ವ ಕಿಡಿಕಿಡಿಯಾದಳು. "ದರ್ಸನಾನೂ ಇಲ್ಲ, ಪಾಸೂ ಇಲ್ಲ! ಎರಡನ್ನೂ ಕೆಡುಸ್ಕಂಡ್ ಬಂದ್ಯಲ್ಲೇ!" ನಾನು ಎಲ್ಲವನ್ನೂ ಹೇಳಿದೆ. ಅವಳು ಕೇಳಿಸಿಕೊಂಡು, "ಆಯಮ್ಮ ಬದುಕುದ್ಲಾ?" ಎಂದಳು. ಹೂಂ ಎಂದೆ. "ಉಣ್ಣು ಬಾ" ಎಂದು ಒಳಗೆ ಹೋದಳು.

ಹೊನ್ನಮ್ಮ ಮನೆಗೆ ಹೊರಟ ದಿನ ಮಾತ್ರ ಧೈರ್ಯ ಮಾಡಿದೆ. ಗೌರಿ ಬಟ್ಟೆ ಗಂಟು ಕಟ್ಟುತ್ತಿದ್ದಳು. ಹೊನ್ನಮ್ಮನ ಪಕ್ಕ ಕೂತು, "ಅವ್ವಾ, ಅವತ್ತು ನಾನು ನಿಮ್ಮ ನಾಡಿ ಮುಟ್ಟಲೇ ಇಲ್ಲ. ಸುಮ್ಮನೆ ಬರೆದು ಹೋದೆ" ಎಂದೆ. ಗೌರಿಯ ಕೈ ಗಂಟಿನ ಮೇಲೆ ಹಾಗೇ ನಿಂತಿತು.

ಹೊನ್ನಮ್ಮ ನನ್ನ ಮುಖ ನೋಡಿದರು. "ನೋಡ್ತಿದ್ನಲ್ಲವ್ವ ನಾನು. ಮುಟ್ದೇ ಬರ್ಕಂಡೆ. ಅದೇನೋ ಒಟ್ಟೆ ಒಳ್ಗೆ ಸಂಕ್ಟ ಆಯ್ತಿತ್ತು, ಏಳಾನ ಅನ್ಕಂಡೆ. ಆಮೇಲೆ, ಓದ್ದೋರು ಕಣ್ಣಲ್ ನೋಡುದ್ರೇ ಗೊತ್ತಾಯ್ತದೇನೋ, ನಾನ್ಯಾಕ್ ಬಾಯಾಕ್ಲಿ ಅಂತ ಸುಮ್ಕಾದೆ."

ಅಂದಿನಿಂದ ಈ ಮಾತು ನನ್ನನ್ನು ಬಿಟ್ಟಿಲ್ಲ. ಈಗ ನಾನು ಕೆಲಸದಲ್ಲಿದ್ದೇನೆ, ವಿದ್ಯಾರ್ಥಿಗಳು ನನ್ನ ಕೈಕೆಳಗೆ ಬರುತ್ತಾರೆ. ಶನಿವಾರ ರಜೆ ಸಿಕ್ಕರೆ ಮದ್ದೂರಿಗೆ ಹೋಗುತ್ತೇನೆ, ಸಿಗದಿದ್ದರೆ ಇಲ್ಲ. ಹನುಮಪ್ಪಾ, ಪಾಸು ಮಾಡಿಸು ಎಂದು ಬಂದವಳನ್ನು ಬಾಗಿಲಿನಿಂದಲೇ ವಾಪಸ್ಸು ಅಟ್ಟಿದೆಯಲ್ಲ, ಅದಕ್ಕೆ ನಿನ್ನ ಪಾದಕ್ಕೆ ಸಾವಿರ ಶರಣು. ಹೊನ್ನಮ್ಮ ನನ್ನನ್ನು ನಂಬಿ ಸುಮ್ಮನಾದರು, ನಾನು ಅವರ ಕೈಯ ಬೆವರು ಒರೆಸಿಕೊಂಡು ಬಂದೆ. ಅವರನ್ನು ಕಾಪಾಡಿದವನು ನೀನು. ನನ್ನನ್ನು ದೇವರು ಎಂದ ಗೌರಿಗೂ, ಇದನ್ನು ಓದುವ ನಿಮಗೂ ಅಷ್ಟನ್ನು ಹೇಳಬೇಕಿತ್ತು, ಹೇಳಿದ್ದೇನೆ.