ಬೀರವ್ವ ಬದಲಿಸಿದ ಹರಕೆ

ಕರಜಗಿಯ ಬೀರವ್ವನ ಬಾಯಿಗೆ ಊರೇ ಹೆದರುತ್ತದೆ. ಕುರಿ ಮೇಯಿಸುವ ಜಾಗಕ್ಕಾಗಿ ಜಗಳಕ್ಕೆ ಬಂದ ಗಂಡಸರನ್ನು ನಿಂತಲ್ಲೇ ನೀರಿಳಿಸಿ ಕಳಿಸಿದ ಹೆಣ್ಣು ಅವಳು. ಅಂಥವಳು ಆವತ್ತು ಸೊಲ್ಲಾಪುರದ ಆಸ್ಪತ್ರೆಯಲ್ಲಿ ತಲೆ ತಗ್ಗಿಸಿ ಬೈಸಿಕೊಂಡಳು.

ಗಂಡ ಗೊಲ್ಲಾಳಪ್ಪನಿಗೆ ಕರುಳಿನ ಕ್ಯಾನ್ಸರ್. ಎರಡು ಕೀಮೋ ಮುಗಿದಿದ್ದವು, ಮೂರನೆಯದಕ್ಕೆ ಬಂದಿದ್ದರು.

“ವಜನ ಆರು ಕಿಲೋ ಇಳದೈತಿ. ಇವತ್ತು ಔಷಧ ಕೊಡಂಗಿಲ್ಲ, ಮೈ ತಡಿಯಂಗಿಲ್ಲ,” ಎಂದರು ಡಾಕ್ಟರ್ ಶುಭಾಂಗಿ. “ಏನ್ ಉಣಸ್ತೀರಿ ಇವರಿಗೆ?”

“ಗಂಜಿರಿ.”

“ಬರೇ ಗಂಜಿ? ಮನ್ಯಾಗ ಆಡು ಅದಾವ, ಕೋಳಿ ಅದಾವ ಅಂದಿದ್ರಿ. ಹಾಲು, ತತ್ತಿ ಎಲ್ಲಿ ಹೋದ್ವು? ಚೀಟಿ ಬರದು ಕೊಟ್ಟಿದ್ದೆ!”

ಆ ಚೀಟಿಗೆ ಭಂಡಾರದ ಅರಿಸಿನ ಹಚ್ಚಿ ದೇವರ ಜಗಲಿಯ ಮೇಲೆ ಇಟ್ಟಿದ್ದಳು ಮಹಾತಾಯಿ! ಗಂಡ ಗುಣವಾಗುವ ತನಕ ಮನೆಯಲ್ಲಿ ಯಾರೂ ಹಾಲು, ತತ್ತಿ, ಮಾಂಸ ಮುಟ್ಟುವುದಿಲ್ಲ ಎಂದು ಬೀರೋಬಾನಿಗೆ ಹರಕೆ ಹೊತ್ತವಳು ಅವಳೇ. ದೇವರಿಗೆ ಭಕ್ತಿಯೂ ಆಯಿತು, ರೋಗಿಗೆ ಪಥ್ಯವೂ ಆಯಿತು ಅಂದುಕೊಂಡಿದ್ದಳು.

“ಎಂಟು ದಿನ ಕೊಡ್ತೀನಿ. ಮೈ ಹಿಡಿಲಿಲ್ಲಂದ್ರ ಔಷಧ ಮತ್ತ ಮುಂದ ಹೋಗ್ತದ. ರೋಗ ಕಾಯಂಗಿಲ್ಲ.”

ಎಸ್‌ಟಿ ಬಸ್ಸಿನಲ್ಲಿ ಗೊಲ್ಲಾಳಪ್ಪ ಅವಳ ಹೆಗಲಿಗೆ ತಲೆಯಿಟ್ಟು ಮಲಗಿದ. ಆ ತಲೆಗೆ ಭಾರವೇ ಇರಲಿಲ್ಲ. ಬೀರವ್ವನಿಗೆ ತನ್ನ ಮೇಲೇ ಎಂಥ ಸಿಟ್ಟು ಬಂತೆಂದರೆ, ಟಿಕೆಟ್ ಕೇಳಿದ ಕಂಡಕ್ಟರನ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದಳು.

ಮನೆಗೆ ಬಂದವಳೇ ತತ್ತಿ ಕುದಿಯಲಿಟ್ಟಳು. ಅತ್ತೆ ತುಳಜಾಬಾಯಿ ಎದೆ ಎದೆ ಬಡಿದುಕೊಂಡಳು.

“ತಲಿ ಕೆಟ್ಟೈತೇನ ನಿನಗ? ದೇವ್ರು ಸಿಟ್ಟಾಗ್ತಾನ!”

“ಆಗ್ಲಿ! ನಿನ್ನ ಮಗನ್ನ ಉಪಾಸ ಕೆಡವು ಅಂತ ಅವ ಯಾವಾಗಾರ ಅಂದಾನೇನು? ಅಂದಾಕಿ ನಾ. ನನ್ನ ಬಾಯಿಗಿ ಬೆಂಕಿ ಬೀಳ್ಲಿ!”

ಗೊಲ್ಲಾಳಪ್ಪನ ಬಾಯಿ ತುಂಬ ಹುಣ್ಣು. ತತ್ತಿಯನ್ನು ಬೇಳೆಯಲ್ಲಿ ಹಿಸುಕಿ, ಆರಿಸಿ, ಎರಡು ತಾಸಿಗೊಮ್ಮೆ ನಾಲ್ಕೇ ಚಮಚ ಉಣಿಸಿದಳು. ಆಮೇಲೆ ಜಗಲಿಯ ಮುಂದೆ ನಿಂತು ದೇವರಿಗೂ ದಬಾಯಿಸಿದಳು: “ಹರಕಿ ನನ್ನದು. ನಾ ಒಬ್ಬಾಕೀನ ಹೊರತೀನಿ. ಅವನ ಸುದ್ದಿಗೆ ಬರಬ್ಯಾಡ.”

ಎಂಟು ದಿನಕ್ಕೆ ತೂಕ ಒಂದೂವರೆ ಕಿಲೋ ಏರಿತು. ರಕ್ತದ ರಿಪೋರ್ಟೂ ಸರಿಬಂತು. ಡಾಕ್ಟರು ಮೂರನೆಯ ಕೀಮೋದ ಸಲಾಯಿನ್ ಹಚ್ಚಿಸಿದರು.

ಮಧ್ಯಾಹ್ನ ಬೀರವ್ವ ಎರಡು ಡಬ್ಬಿ ಬಿಚ್ಚಿದಳು. ಗಂಡನ ಡಬ್ಬಿಯಲ್ಲಿ ತತ್ತಿ, ಬೇಳೆ. ತನ್ನದರಲ್ಲಿ ಬರೀ ಗಂಜಿ. ಗೊಲ್ಲಾಳಪ್ಪ ಎರಡನ್ನೂ ನೋಡಿದ. ಅವಳ ರವಿಕೆಯ ತೋಳು ಸಡಿಲಾಗಿದ್ದನ್ನೂ ನೋಡಿದ.

“ನಿನ್ನ ವಜನ ಯಾರು ನೋಡಬೇಕ?” ಅಂದ.

“ಸುಮ್ನ ಉಣ್ಣು!” ಎಂದು ಗದರಿದಳು ಬೀರವ್ವ. ತನ್ನ ಡಬ್ಬಿಯನ್ನು ಸೆರಗಿನ ಮರೆಗೆ ಸರಿಸಿ, ಅವನ ಬಾಯಿಗೆ ಚಮಚ ಹಿಡಿದಳು.