ಆರು ಕಂಪ್ಯೂಟರು, ಒಂದು ಚೀಟಿ

ನನ್ನ ಸೊಸೆ ಚಿಂಚೋಳಿ ಕಡೆಯ ಐನಾಪುರದವಳು. ಸೇಡಂನ ನಮ್ಮ ಮನೆಗೆ ಬಂದಾಗ ತವರಿನಿಂದ ತಂದ ಸಾಮಾನಿನಲ್ಲಿ ಸ್ಕ್ರೂಡ್ರೈವರುಗಳದೇ ಒಂದು ಡಬ್ಬಿ ಇತ್ತು. ಈಗ ಪಡಸಾಲೆಯ ಕಲ್ಲಿನ ಕಟ್ಟೆಯ ಮೇಲೆ ರೊಟ್ಟಿ ಡಬ್ಬಿಯಷ್ಟು ಸಣ್ಣ ಕಂಪ್ಯೂಟರು ಜೋಡಿಸುತ್ತಾಳೆ. ಅದೇ ಕಟ್ಟೆಯ ಇನ್ನೊಂದು ತುದಿಯಲ್ಲಿ ನಾನು ತೊಗರಿಬೇಳೆ ಆರಿಸುತ್ತೇನೆ. ಅವಳ ಸ್ಕ್ರೂ ನನ್ನ ಬೇಳೆಯಲ್ಲಿ ಸಿಕ್ಕಿದ್ದುಂಟು. ಹಲ್ಲಿಗೆ ಸಿಗುವ ಮೊದಲೇ ಕಣ್ಣಿಗೆ ಬಿತ್ತು, ಅದು ದೇವರ ದಯೆ.

ಅವಳದೊಂದು ವ್ರತ. ಕಂಪ್ಯೂಟರು ನಡೆಸುವ ಸಾಫ್ಟ್‌ವೇರನ್ನು ಯಾರು ಬೇಕಾದರೂ ಬಿಚ್ಚಿ ನೋಡುವಂತಿರಬೇಕು, ತಿದ್ದುವಂತಿರಬೇಕು, ಇನ್ನೊಬ್ಬರಿಗೆ ಕೊಡುವಂತಿರಬೇಕು. ಕಂಪನಿಯವರು ಬೀಗ ಹಾಕಿಟ್ಟ ಸಾಫ್ಟ್‌ವೇರ್ ಇಲ್ಲದೆ ಕೆಲಸ ಮಾಡದ ಬಿಡಿಭಾಗವನ್ನು ಅವಳು ಒಳಗೆ ಹಾಕುವುದಿಲ್ಲ. ಪ್ರತಿ ಯಂತ್ರದ ಬೆನ್ನಿಗೆ ತಾನೇ ಬರೆದ ಚೀಟಿ ಅಂಟಿಸುತ್ತಾಳೆ: "ಇದರೊಳಗೆ ಮುಚ್ಚಿಟ್ಟದ್ದು ಏನೂ ಇಲ್ಲ."

ಹೋದ ವರ್ಷ ಚಿತ್ತಾಪುರದಲ್ಲಿ ಹೆಣ್ಣುಮಕ್ಕಳಿಗೆ ಕಂಪ್ಯೂಟರು ಕಲಿಸುವ ಟೀಚರೊಬ್ಬರು ಆರು ಕೇಳಿದರು. ಅಲ್ಲಿಯವರೆಗೆ ಒಂದೊಂದೇ ಮಾರಿದ್ದಳು. ಇದು ಕೈಹಿಡಿದರೆ ಅಂಗಡಿ ಇಡುತ್ತೇನೆ, ಇಲ್ಲದಿದ್ದರೆ ಈ ಕೆಲಸವನ್ನೇ ಬಿಡುತ್ತೇನೆ ಎಂದು ನನ್ನ ಮುಂದೆ ಹೇಳಿದ್ದಳು.

ಹೈದರಾಬಾದಿನಿಂದ ವೈಫೈ ಕಾರ್ಡುಗಳು ಬಂದವು. ಮೊದಲು ತರಿಸಿ ಪರೀಕ್ಷಿಸಿದ್ದ ಅದೇ ಡಬ್ಬಿ, ಅದೇ ನಂಬರು. ಹಾಕಿದರೆ ಒಂದೂ ಏಳಲಿಲ್ಲ. ನೋಡಿದರೆ ಒಳಗಿನ ಚಿಪ್ಪೇ ಬೇರೆ. ಕಂಪನಿಯ ಬೀಗದ ಫೈಲು ಹಾಕದೆ ಅದು ನಡೆಯುವುದಿಲ್ಲ. ಕಾರ್ಡು ಕಳಿಸಿದ ಅಂಗಡಿಯವನಿಗೆ ಫೋನ್ ಹಚ್ಚಿದಳು.

"ಮೇಡಂ, ಕಂಪನಿಯವ್ರು ಬದಲಿ ಮಾಡ್ಯಾರ. ನಮಗ ಹೇಳಿ ಮಾಡ್ತಾರೇನ್ರಿ? ಹಳೇ ಚಿಪ್ಪಿಂದೇ ಬೇಕಂದ್ರ ಸಾವಿರ ಪೀಸ್ ಆರ್ಡರ್ ಕೊಡ್ರಿ, ಕೇಳಿ ನೋಡ್ತೀನಿ."

"ಸಾವಿರ ತಗೊಂಡು ಹಪ್ಪಳದಂಗ ಕರೀಲೇನ್ರಿ? ನನಗ ಬೇಕಾದದ್ದು ಆರು."

"ಹಂಗಾದ್ರ ಆ ಫೈಲ್ ಹಾಕಿಬಿಡ್ರಿ. ಯಾರು ನೋಡ್ತಾರ?"

ಅವಳ ಸಪ್ಪೆ ಮುಖ ನೋಡಲಾರದೆ ನಾನೂ ಅದನ್ನೇ ಹೇಳಿಬಿಟ್ಟೆ. "ಒಂದು ಸಣ್ಣ ಫೈಲ್ ಅಲ್ಲೇನವಾ? ಹಾಕು. ದೇವ್ರು ಕ್ಷಮಾ ಮಾಡ್ತಾನ."

"ಅತ್ತಿ, ಹೋದ ಸೋಮವಾರ ನಿಮ್ಮ ಉಪವಾಸದ ಸಾಬೂದಾಣಿಗಿ ಉಳ್ಳಾಗಡ್ಡಿ ಪಲ್ಯದ ಚಮಚ ತಾಕಿತ್ತು. ಎಷ್ಟು ತಾಕಿತ್ತು?"

ನಾನು ಬೇಳೆ ನೋಡತೊಡಗಿದೆ.

"ತುದಿ ಅಷ್ಟೇ. ಇಡೀ ಬೋಗುಣಿ ಎಮ್ಮಿಗಿ ಇಟ್ಟು ನೀವು ನೀರು ಕುಡದು ಕುಂತ್ರಿ. ನಿಮ್ಮನ್ನ ದೇವ್ರು ಕ್ಷಮಾ ಮಾಡ್ತಿದ್ದಿಲ್ಲೇನು?"

ಸೊಸೆಯ ಕೈಗೆ ಸಿಕ್ಕಿಬಿದ್ದಿದ್ದೆ, ಆದರೂ ಸಿಟ್ಟು ಬರಲಿಲ್ಲ. ಇವಳದೂ ನನ್ನಂಥದೇ ಮಡಿ ಎಂದು ಅವತ್ತು ತಿಳಿಯಿತು. ಆರೂ ಕಾರ್ಡು ಬಿಚ್ಚಿಟ್ಟಳು. ಇಂಟರ್ನೆಟ್ಟಿಗೆ ವಾಯರ್ ಹಚ್ಚುವುದೊಂದೇ ದಾರಿ ಉಳಿಯಿತು.

ಮರುದಿನ ಎರಡು ಚೀಲದಲ್ಲಿ ಆರನ್ನೂ ಹೊತ್ತು ವಾಡಿ ಕಡೆಯ ರೈಲು ಹತ್ತಿದೆವು. ದಾರಿಯಲ್ಲಿ ಅವಳು ಪೆನ್ನು ತೆಗೆದು ಪ್ರತಿ ಚೀಟಿಯ ಕೆಳಗೆ ಬರೆದಳು: "ವೈಫೈಯೂ ಇಲ್ಲ."

"ಮಾರಲಿಕ್ಕೆ ಹೊಂಟೀಯೋ, ಓಡಿಸಲಿಕ್ಕೆ ಹೊಂಟೀಯೋ?" ಎಂದೆ.

"ಮುಚ್ಚಿಟ್ಟದ್ದು ಇಲ್ಲಂತ ಮ್ಯಾಲ ಬರ್ದೀನಿ. ಕೆಳಗ ಮುಚ್ಚಿಡಲೇನು?"

ಚಿತ್ತಾಪುರದಲ್ಲಿ ಟೀಚರು ಚೀಟಿ ಓದುವಾಗ ನಾನು ಸೆರಗಿನೊಳಗೇ ಕೈಮುಗಿದೆ. ಅವರು ನಕ್ಕರು.

"ಇಷ್ಟು ಖರೇ ಬರ್ದು ಮಾರೋರನ್ನ ನಾ ನೋಡಿಲ್ಲ ಬಿಡ್ರಿ. ವಾಯರ್ ಆದ್ರೇನು, ನಮ್ಮ ಹುಡುಗ್ಯಾರು ಕಂಪ್ಯೂಟರ್ ಬಗಲಾಗ ಇಟ್ಕೊಂಡು ಸಂತಿಗಿ ಹೋಗ್ತಾರೇನು?"

ಆದರೆ ಎರಡು ಯಂತ್ರ ಒಳಕೋಣೆಗೆ ಬೇಕಿದ್ದವು. ನಡುವೆ ಮೊಳ ದಪ್ಪದ ಕಲ್ಲುಗೋಡೆ. ಬಾಗಿಲಲ್ಲಿ ವಾಯರ್ ಎಳೆದರೆ ಹುಡುಗಿಯರ ಕಾಲಿಗೆ ತೊಡರುತ್ತದೆ. ತೂತು ಹಾಕಲು ಆ ಬಾಡಿಗೆ ಮನೆಯ ಮಾಲಕರು ಒಪ್ಪಲಿಲ್ಲ. ನಾಲ್ಕು ಅಲ್ಲಿ ಉಳಿದವು, ಎರಡು ನಮ್ಮ ಜೊತೆ ತಿರುಗಿ ರೈಲು ಹತ್ತಿದವು.

ರೈಲು ಮಳಖೇಡ ದಾಟಿತು. ಆಗ ಅವಳು ಕೇಳಿದಳು, "ನಾಲ್ಕಕ್ಕ ಅಂಗಡಿ ಇಡಬಹುದೇನ್ರಿ ಅತ್ತಿ?"

"ಅರ್ಧ ಕಟ್ಟಿ ಮ್ಯಾಲ ಅರ್ಧ ಅಂಗಡಿ ಇಡು. ಇನ್ನರ್ಧ ಕಟ್ಟಿ ನನ್ನ ಬ್ಯಾಳಿಗಿ ಬಿಡು."

ಈಗ ಪಡಸಾಲೆಯ ಬಾಗಿಲಿಗೆ ಬೋರ್ಡು ತೂಗುತ್ತಿದೆ. ತಿರುಗಿ ಬಂದ ಎರಡರಲ್ಲಿ ಒಂದನ್ನು ಶಹಾಬಾದಿನವರು ಒಯ್ದರು. ಇನ್ನೊಂದು ನನ್ನ ಬೇಳೆಯ ಮೊರದ ಪಕ್ಕದಲ್ಲೇ ಇದೆ. ಸೋಮವಾರ ಅದಕ್ಕೂ ಊದುಬತ್ತಿ ಬೆಳಗಲು ಹೋದರೆ, "ಹೊಗಿ ಬಡೀತದ ಅತ್ತಿ, ದೂರಿಂದ ಬೆಳಗ್ರಿ," ಎನ್ನುತ್ತಾಳೆ. ದೂರದಿಂದಲೇ ಬೆಳಗುತ್ತೇನೆ.