ನಾಲ್ಕು ಬೊಟ್ಟು ಜಾಸ್ತಿ

ಮೊನ್ನೆ ಮಗಳಿಗೆ ಓದುವ ಕುರ್ಚಿ ಕೊಳ್ಳಲು ಹೈದರಾಬಾದಿನ ದಿಲ್‌ಸುಖ್‌ನಗರದ ಅಂಗಡಿಯೊಂದಕ್ಕೆ ಹೋಗಿದ್ದೆವು. ಒಳಗೆ ಕಾಲಿಟ್ಟೊಡನೆ ಹಸಿ ವಾರ್ನಿಶ್ ವಾಸನೆ ಮೂಗಿಗೆ ಬಡಿಯಿತು. ಪಕ್ಕದಲ್ಲಿ ಅವ್ವ, ಮುಂದೆ ಮಗಳು. ನನ್ನ ಮನಸ್ಸು ಮಾತ್ರ ನಾನು ಓದಿದ ಕನ್ನಡ ಶಾಲೆಗೆ ಓಡಿತು. ನೀವೂ ಬನ್ನಿ, ದೂರವೇನಿಲ್ಲ.

ಹೈದರಾಬಾದಿಗೆ ಹೈದರಾಬಾದೇ ಕಂಪ್ಯೂಟರ್ ಜಪ ಮಾಡುತ್ತಿದ್ದ ಕಾಲ. ನಮ್ಮ ಶಾಲೆಗೂ ಕೆಲವು ಬಂದವು, ಜೊತೆಗೆ ಯಾವುದೋ ಆಫೀಸಿನವರು ಬಿಟ್ಟುಕೊಟ್ಟ ಎತ್ತರದ ಮೇಜು, ಕುರ್ಚಿ. ತರಗತಿಗೆಲ್ಲ ಗಿಡ್ಡಿ ನಾನು. ಕೂತರೆ ಕಾಲು ಗಾಳಿಯಲ್ಲಿ, ಗದ್ದ ಮೇಜಿನ ಅಂಚಿಗೆ. ಸ್ವಲ್ಪ ಹೊತ್ತಿಗೇ ಕಾಲು ಜೋಮು ಹಿಡಿದು ಎದ್ದು ಕುಣಿಯುತ್ತಿದ್ದೆ. ಅಷ್ಟರಲ್ಲಿ ನನ್ನ ಸರದಿ ಇನ್ನೊಬ್ಬರ ಪಾಲಾಗಿರುತ್ತಿತ್ತು. ಪರದೆಯ ಮೇಲೆ ನನ್ನ ಹೆಸರನ್ನು ನಾನೇ ಮೂಡಿಸಬೇಕೆಂಬುದು ಆಗ ನನ್ನ ಜೀವನದ ಏಕೈಕ ಆಸೆ.

ವಿಜ್ಞಾನದ ಸರೋಜಾ ಟೀಚರ್ ಇದನ್ನು ಗಮನಿಸಿದರು. "ಕುರ್ಚಿಗೆ ತಕ್ಕಂಗ ಮಕ್ಕಳನ್ನ ಜಗ್ಗಾಕ ಆಗೂದಿಲ್ಲ. ಮಕ್ಕಳ ಅಳತಿ ತಗೊಂಡು ಬೆಂಚ್, ಮೇಜು ಮಾಡಸೋಣು," ಎಂದು ಟೇಪು ಹಿಡಿದರು. ಮೊಣಕಾಲಿನಿಂದ ಹಿಮ್ಮಡಿಗೆಷ್ಟು, ಕೂತಾಗ ಮೊಣಕೈ ಎಲ್ಲಿಗೆ ಬರುತ್ತದೆ, ಎಲ್ಲ ಅಳೆದರು. ನಮಗೋ ಹಬ್ಬದ ಸಂಭ್ರಮ. ಹಬ್ಬಕ್ಕಲ್ಲದೆ ನಮ್ಮ ಮೈಗೆ ಟೇಪು ಯಾರು ಹಿಡಿಯುತ್ತಿದ್ದರು!

ಎಡವಟ್ಟಾದದ್ದೂ ಅಲ್ಲಿಯೇ. ನಮ್ಮ ಮನೆಗಳಲ್ಲಿ ಬಟ್ಟೆ ಹೊಲಿಸುತ್ತಿದ್ದುದು ಈ ವರ್ಷದ ಮಗುವಿಗಲ್ಲ, ಮುಂದಿನ ವರ್ಷದ ಮಗುವಿಗೆ. "ಬೆಳಿಯೋ ಹುಡುಗಿ ಐತ್ರಿ ಟೀಚರ, ನಾಕ್ ಬೊಟ್ಟು ಜಾಸ್ತಿ ಇಡ್ರಿ," ಎಂದಳು ಅಳತೆಯ ಸುದ್ದಿ ಕೇಳಿ ಶಾಲೆಗೆ ಬಂದ ಅವ್ವ. ಟೀಚರ್ ಒಪ್ಪಲಿಲ್ಲ. ಅವ್ವ ಬಿಡುವವಳೇ? ನೇರ ಬಡಗಿಯ ಬಳಿ ಹೋಗಿ, ತನ್ನ ಮಗಳೊಬ್ಬಳಿಗೇ ಏಕೆಂದು, ಎಲ್ಲ ಬೆಂಚಿಗೂ ನಾಲ್ಕು ಬೊಟ್ಟು, ಅಂದರೆ ನಾಲ್ಕು ಬೆರಳಗಲ, ಎತ್ತರ ಸೇರಿಸಲು ಹೇಳಿ ಬಂದಳು.

ಹಸಿ ವಾರ್ನಿಶ್ ವಾಸನೆಯ, ಮಿರಿಮಿರಿ ಹೊಳೆಯುವ ಬೆಂಚು, ಮೇಜು ಬಂದವು. ಕೂತೆ. ಕಾಲು ಮತ್ತೆ ಗಾಳಿಯಲ್ಲಿ! ನನಗೆ ಅಳುವೇ ಬಂತು.

ಟೀಚರ್ ಅವ್ವನನ್ನು ಕರೆಸಿದರು. ಬೈಯಲಿಲ್ಲ. "ಇಲ್ಲಿ ಕುಂದರ್ರಿ," ಎಂದು ಆಫೀಸಿನವರು ಕೊಟ್ಟ ಆ ಎತ್ತರದ ಮೇಜು ತೋರಿಸಿ ಪಾಠ ಮುಂದುವರಿಸಿದರು. ಅವ್ವ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತಳು. ಪಾಠ ಮುಗಿಯುವ ಮೊದಲೇ, "ಅಯ್ಯ ಟೀಚರ, ಕಾಲು ಜೋಮ್ ಹಿಡ್ಯಾಕತ್ತಾವ್ರಿ!" ಎಂದು ಕೂಗಿದಳು. ತರಗತಿಯೆಲ್ಲ ನಕ್ಕಿತು, ಅವ್ವ ಎಲ್ಲರಿಗಿಂತ ಜೋರಾಗಿ. ಬಡಗಿ ಗರಗಸ ಹಿಡಿದು ಬಂದು ಬೆಂಚುಗಳ ಕಾಲು ಕತ್ತರಿಸಿದ. ಮರುದಿನ ತಣ್ಣಗಿನ ನೆಲಕ್ಕೆ ಪಾದವೂರಿ, ಒಂದೇ ಬೆರಳಲ್ಲಿ ನನ್ನ ಹೆಸರು ಕುಟ್ಟಿದೆ. ಅಂಥ ಖುಷಿ ಮುಂದೆ ನೌಕರಿ ಸಿಕ್ಕಾಗಲೂ ಆಗಲಿಲ್ಲ.

ಮತ್ತೆ ಅಂಗಡಿಗೆ ಬರೋಣ. ಇಷ್ಟೆಲ್ಲ ನೆನಪಿದ್ದೂ ನನ್ನ ಕೈ ದೊಡ್ಡ ಕುರ್ಚಿಯ ಕಡೆಗೇ ಹೋಯಿತು: ನಾಲ್ಕು ವರ್ಷ ಬಾಳಿಕೆ ಬರುತ್ತದಲ್ಲ! ಅವ್ವ ತಡೆದಳು. ಮೊಮ್ಮಗಳನ್ನು ಸಣ್ಣ ಕುರ್ಚಿಯಲ್ಲಿ ಕೂರಿಸಿ, "ನಾಳಿನಾಕಿ ನಾಳೆ ಕುಂದರ್ತಾಳ. ಇವತ್ತಿನಾಕಿಗೆ ಇದಽ ತಗೋ," ಎಂದಳು.

ಮಗಳ ಪಾದ ನೆಲ ಮುಟ್ಟಿದೆಯೇ ಎಂದು ನೋಡಲು, ಅವ್ವನೇ ಹೊಲಿಸಿದ ಉದ್ದನೆಯ ಫ್ರಾಕನ್ನು ಸ್ವಲ್ಪ ಎತ್ತಬೇಕಾಯಿತು. ಮುಟ್ಟಿತ್ತು.